ಐದು ಮೊದಲೋ, ಇಪ್ಪತ್ತು ಮೊದಲೋ

ವಾಘೋಲಿಯ ತಗಡಿನ ಶಾಲೆ, ಮೂರನೇ ಇಯತ್ತೆ.
ಉಕ್ತಲೇಖನ. ನಾನು ಹೇಳಿದೆ: ಪಂಚವೀಸ.
ದ್ಯಾವಮ್ಮ ಬರೆದಳು: ೫೨.
ಸತ್ತಾವೀಸ. ೭೨.
ತ್ರೇಚಾಳೀಸ. ೩೪.
ಏಕೋಣತೀಸಕ್ಕೆ ಮಾತ್ರ ಪೆನ್ಸಿಲ್ ಕಚ್ಚಿ ಕೂತು
ಕೊನೆಗೆ ೧೩೦ ಅಂತ ಬರೆದು
ಅದರ ಮೇಲೆ ಅಂಗೈ ಮುಚ್ಚಿಟ್ಟಳು.

ಹತ್ತಕ್ಕೆ ಸೊನ್ನೆ. ಕೆಂಪು ಪೆನ್ನು ನನ್ನದೇ.
ಎರಡು ವರ್ಷದಿಂದ ಹೀಗೇ ದುಂಡಗೆ ಹಾಕುತ್ತ ಬಂದಿದ್ದೇನೆ,
ಸುರಪುರದವರಿಗೆ, ಶಹಾಪುರದವರಿಗೆ,
ಯಾದಗಿರಿಯಿಂದ ಬಂದು ಇಟ್ಟಿಗೆ ಹೊರುವವರ ಮಕ್ಕಳಿಗೆ.
ಚಹಾದ ಹೊತ್ತಲ್ಲಿ ಕರಂದೀಕರ ಬಾಯಿ
"ಗಣಿತ ಅವರ ರಕ್ತದಲ್ಲೇ ಇಲ್ಲ, ಬಿಡಿ" ಅಂದಾಗ
ಬಿಸ್ಕೀಟು ಅದ್ದುತ್ತ ಸುಮ್ಮನಿದ್ದೆ.
ಅದು ಮುರಿದು ಕಪ್ಪಿನ ತಳ ಸೇರಿತು.
ನನ್ನ ಮನೆಮಾತೂ ಕನ್ನಡ ಅಂತ
ಅವರಿಗೆ ಹೇಳಿಲ್ಲ.

ವಾರ್ಡ್ ಆಫೀಸಿನ ತರಬೇತಿ.
ಗೋಡೆಯ ಮೇಲೆ ಬೆಳಕಿನ ಎರಡು ಕಂಬ,
ಒಂದು ನೀಲಿ, ಉದ್ದ. ಒಂದು ಕಿತ್ತಳೆ, ಗಿಡ್ಡ.
ಮೇಲಿನ ಖಾಲಿ ಜಾಗಕ್ಕೆ ಕೋಲು ತಟ್ಟಿ ಸಾಹೇಬರು
ಈ ಅಂತರ ಮಾರ್ಚಿನೊಳಗೆ ಮುಚ್ಚಬೇಕು ಅಂದರು,
ಮಳೆಗಾಲದ ರಸ್ತೆಗುಂಡಿಯ ಮಾತಾಡಿದ ಹಾಗೆ.
ಆಮೇಲೆ ವಡಾಪಾವ್.
ಗಿಡ್ಡ ಕಂಬದೊಳಗೆ ಯಾರಿದ್ದಾರೆ ಅಂತ
ಯಾರೂ ಕೇಳಲಿಲ್ಲ. ನಾನೂ.

ಶನಿವಾರ ಅವಳ ಆಧಾರ್ ನಂಬರಿಗೆಂದು ಸೈಟಿಗೆ ಹೋದೆ.
ಪಗಾರದ ಹೊತ್ತು.
ಮುಕಾದಮ ವಹಿ ತೆರೆದು, "ತಿಪ್ಪವ್ವ, ಐದು ಹಾಜರಿ" ಅಂದ.
ಸೆರಗಿನ ಹಿಂದಿನಿಂದ ಒಂದು ದನಿ:
"ಐದೂವರೀ. ಮಂಗಳಾರ ಸ್ಲ್ಯಾಬ್ ಇತ್ತು, ರಾತ್ರಿತನ ಹೊತ್ತಾಳ.
ನಾನೂರಾ ಎಂಬತ್ತರಂಗ
ಎರಡು ಸಾವಿರದ ಆರುನೂರಾ ನಲವತ್ತು.
ಮುಂಗಡ ಮುನ್ನೂರು ಮುರಕೊಂಡು
ಉಳದದ್ದು ಕೊಡು."
ನೀರಿನ ಡ್ರಮ್ಮಿನ ಮೈಮೇಲೆ ಇದ್ದಿಲ ಗೆರೆ,
ಇಡೀ ವಾರ, ಸ್ಲ್ಯಾಬಿನ ರಾತ್ರಿಗೆ ಅರ್ಧ ಗೆರೆ.
ಮುಕಾದಮ ಬೈಯುತ್ತ ಎಣಿಸಿದ.
ಒಂದು ಅಂಕಿಯೂ ತಿರುಗುಮುರುಗಾಗಲಿಲ್ಲ.

ಡ್ರಮ್ಮಿನ ಪಕ್ಕ ಕುಕ್ಕರುಗಾಲಲ್ಲಿ ಕೂತು
ಕನ್ನಡದಲ್ಲಿ ಕೇಳಿದೆ,
ಪಂಚವೀಸಕ್ಕೆ ಐವತ್ತೆರಡು ಯಾಕೆ ಬರೀತೀಯೆ?

"ಬಾಯಾರ, ನಿಮಗ ನಮ್ಮ ಮಾತು ಬರ್ತದ?"
ಬಾಯಿ ತೆರೆದು ನಿಂತಳು.
ಆಮೇಲೆ, ದಡ್ಡರಿಗೆ ತಿಳಿಸುವ ಹಾಗೆ:
"ನೀವು ಐದು ಮೊದಲ ಅಂತೀರಿ, ನಾ ಐದು ಮೊದಲ ಬರೀತೀನಿ.
ನಮ್ಮಲ್ಲಿ ಇಪ್ಪತ್ತು ಮುಂದ ನಡೀತದ,
ಐದು ಅದರ ಸೆರಗ ಹಿಡಕೊಂಡು ಹಿಂದ ಬರ್ತದ.
ನಿಮ್ಮಲ್ಲಿ ಕೂಸಿನ್ನ ಮುಂದ ಬಿಡ್ತಾರೇನ್ರಿ,
ಇಷ್ಟು ಗಾಡಿ ಓಡೋ ರಸ್ತೇದಾಗ?"

ನನ್ನ ಮಗ ಕೋಥ್ರೂಡಿನಲ್ಲಿ ಅಬ್ಯಾಕಸ್ ಕಲಿಯುತ್ತಾನೆ,
ತಿಂಗಳಿಗೆ ಎರಡು ಸಾವಿರದ ನಾನೂರು.
ಬಸ್ಸಿನಲ್ಲಿ, ತಿಪ್ಪವ್ವನ ಕೈಗೆ ಬಂದ ವಾರವನ್ನು
ಅದರಲ್ಲಿ ಕಳೆದೆ.
ಅರವತ್ತು ಉಳಿಯಿತು,
ಅದೂ ಪಕ್ಕದ ಮನೆಯಿಂದ ನೂರು ಸಾಲ ತಂದ ಮೇಲೆ.

ಸೋಮವಾರ ಕರಿಹಲಗೆಯ ಮೇಲೆ
ಒಂದು ರಸ್ತೆ ಬರೆದೆ, ಒಂದು ತಾಯಿ, ಒಂದು ಕೂಸು.
ಮರಾಠಿ ಕೂಸನ್ನು ಮುಂದೆ ಓಡಬಿಡುತ್ತದೆ,
ಬರೆಯುವಾಗ ಹಿಡಿದು ಹಿಂದೆ ನಿಲ್ಲಿಸಿ, ಅಂದೆ,
ಕನ್ನಡದಲ್ಲೇ, ಗಟ್ಟಿಯಾಗಿ.
ಬಾಗಿಲಲ್ಲಿ ಕರಂದೀಕರ ಬಾಯಿಯ ನೆರಳು
ಬಂದು ನಿಂತು ಹೋಯಿತು.
ಒಂಬತ್ತು ಮಕ್ಕಳಿಗೆ ಹೊಳೆಯಿತು.
ಶಿದ್ರಾಮ ಇನ್ನೂ ೫೨ ಅಂತಾನೆ, ಹಟಮಾರಿ.
ಕಿತ್ತಳೆ ಕಂಬ ಎಷ್ಟು ಬೆಳೆಯಿತೋ
ಮಾರ್ಚಿಗೆ ಅವರೇ ಅಳೆಯಲಿ.

ಉಳಿದದ್ದು ಏಕೋಣತೀಸ.
ಒಂದು ಊನ, ಮೂವತ್ತು. ಮೂವತ್ತಕ್ಕೆ ಒಂದು ಕಡಿಮೆ,
ಅಂದೆ.
ದ್ಯಾವಮ್ಮ ಕೈ ಎತ್ತಿದಳು,
ಸುತ್ತಲಿನ ತಲೆಗಳನ್ನು ಎಣಿಸುತ್ತಲೇ:
"ಬಾಯಾರ,
ಆ ಬರದಿರೋ ಒಂದು ಯಾರ್ರಿ?"